ಮೇಲ್‌ನಾಗ ಐತಿ ಅಂದ್ರ ಎಲ್ಲೈತಿ, ಹೇಳ್ರಿ?

ನಮ್ಮ ಮನ್ಯಾಗ ಯಾವ ಕಾಗದ ಕೇಳಿದ್ರೂ ಒಂದೇ ಉತ್ರ. ಮನಿ ಕಂದಾಯದ ರಸೀದಿ ಎಲ್ಲಿ? ಮೇಲ್‌ನಾಗ ಐತಿ. ಎಲ್‌ಐಸಿ ಪಾಲಿಸಿ? ಮೇಲ್‌ನಾಗ ಐತಿ ಬಿಡು. ಹುಡುಗಿ ಕಾಲೇಜ್ ಫೀಸು ಕಟ್ಟಿದ್ದು? ಅದೂ ಅಲ್ಲೇ ಐತಿ. ನಿಮ್ಮ ಮನ್ಯಾಗೂ ಇದೇ ರಾಗ ಅಂತ ನನಗ ಗೊತ್ತೈತಿ, ಯಾಕಂದ್ರ ಕಾಂಪೌಂಡ್ ಗ್ವಾಡಿ ದಾಟಿ ನಿಮ್ಮ ಜಗಳ ನಮಗ ಕೇಳ್ತಾವ. ಅಲ್ರೀ, ಜ್ವಾಳ ಎಲ್ಲೈತಿ ಅಂತ ಕೇಳಿದಾಗ ಯಾರರ "ಮನ್ಯಾಗ ಐತಿ" ಅಂದ್ರ ಸುಮ್ಕಿರ್ತೀವೇನು? ಯಾವ ಚೀಲ, ಹೋದ ವರ್ಷದ್ದೋ ಈ ವರ್ಷದ್ದೋ, ಹುಳ ಬಿದ್ದೈತೋ ಇಲ್ಲೋ ಅಂತ ಹತ್ತು ಮಾತು ಕೇಳ್ತೀವಿ. ಮೇಲ್ ಅಂದ ಕೂಡ್ಲೇ ಮಾತ್ರ ಬಾಯಿ ಮುಚ್ಕೊಂಡು ಒಳಗ ಹೋಗ್ತೀವಿ.

ಈ ಸಲ ನಾನು ಜಗಳಕ್ಕ ನಿಂತೇ ಬರಿಯಾಕತ್ತೀನಿ. ಹಪ್ಪಳ, ಉಪ್ಪಿನಕಾಯಿ, ಮಂಡಕ್ಕಿ ಒಗ್ಗರಣಿ ಎಲ್ಲಾ ಮುಂದಿನ ಸಲಕ್ಕ ಇರ್ಲಿ. ನನ್ನ ಸಿಟ್ಟು ಮೊದಲು ಯಾರ ಮ್ಯಾಲ ಅಂದ್ರ, ನಮ್ಮನ್ನ ಒಂದು ಮಾತೂ ಕೇಳದಂಗ ಕಂಪ್ಯೂಟರ್‌ನಾಗ ಮೇಲ್ ಹಚ್ಚಿಕೊಟ್ಟು, ರೊಕ್ಕ ಎಣಿಸ್ಕೊಂಡು ಹೋಗೋರ ಮ್ಯಾಲ. ಆಮ್ಯಾಲ "ಅದೆಲ್ಲ ನಿನಗ್ಯಾಕ, ನಾ ನೋಡ್ಕೊಂತೀನಿ" ಅನ್ನೋ ಮನಿ ಗಂಡಸರ ಮ್ಯಾಲ. ಎಲ್ಲಾರಿಗಿಂತ ಹೆಚ್ಚು, ಆ ಮಾತು ಕೇಳಿ "ಹೌದು ಬಿಡು, ನಮಗೇನು ತಿಳೀತೈತಿ" ಅಂದ ನನ್ನ ಮ್ಯಾಲ, ನಿಮ್ಮ ಮ್ಯಾಲ.

ನಮ್ಮಕ್ಕಂದು ಸಿರುಗುಪ್ಪ. ಭಾವ ತೀರಿಕೊಂಡು ಮೂರು ವರ್ಷಾತು. ಎಲ್ಲಾ ಅಚ್ಚುಕಟ್ಟಾಗಿ ಜೋಡಿಸಿ ಇಡೋ ಮನುಷ್ಯರು ಅವ್ರು. ಭತ್ತ ಮಾರಿದ ಲೆಕ್ಕ, ಗೊಬ್ಬರದ ಬಿಲ್ಲು, ಟ್ರ್ಯಾಕ್ಟರ್ ಸಾಲದ ಕಾಗದ ಎಲ್ಲಾ ಮೇಲ್‌ಗೇ ತರಿಸ್ಕೊಂಡು, ಮನಿ ಕಂಪ್ಯೂಟರ್‌ನಾಗ ಒಂದೊಂದಕ್ಕೂ ಬ್ಯಾರೆ ಬ್ಯಾರೆ ಫೋಲ್ಡರ್ ಮಾಡಿ ಇಟ್ಟಿದ್ರು. ಒಂದಿನ ಅಕ್ಕನ್ನ ಕರ್ದು ತೋರಿಸಿದ್ರಂತ, "ನೋಡು, ನಾ ಇಲ್ದಾಗ ಏನರ ಬೇಕಾದ್ರ ಎಲ್ಲಾ ಇಲ್ಲೇ ಐತಿ" ಅಂತ. ಅಕ್ಕ ಹ್ಞೂಂ ಅಂದು, ಒಲಿ ಮ್ಯಾಲಿನ ಹಾಲು ಉಕ್ಕೀತು ಅಂತ ಓಡಿ ಬಂದಿದ್ಲಂತ. ಆ ಹಾಲಿನ ಮಾತು ತೆಗದು ಈಗ್ಲೂ ಅಳ್ತಾಳ.

ಹೋದ ವರ್ಷ ಟ್ರ್ಯಾಕ್ಟರ್ ಮಾರಾಕ ಹೋದ್ರ, ಆರ್‌ಸಿ ಮ್ಯಾಲ ಸಾಲ ಕೊಟ್ಟೋರ ಹೆಸರು ಇನ್ನೂ ಹಂಗೇ ಐತಿ. ಸಾಲ ತೀರಿ ನಾಕು ವರ್ಷ ಆಗಿತ್ತು. ಆ ಹೆಸರು ತೆಗಿಸ್ಬೇಕಂದ್ರ ಸಾಲ ಕೊಟ್ಟೋರು ಕೊಟ್ಟ ಎನ್‌ಒಸಿ ಬೇಕು, ಫಾರಂ 35 ತುಂಬಿ ಆರ್‌ಟಿಒ ಆಫೀಸಿಗೆ ಕೊಡಬೇಕು. ಎನ್‌ಒಸಿ ಎಲ್ಲೈತಿ? ಭಾವ ಹೇಳಿದ್ರಲ್ಲ, ಮೇಲ್‌ನಾಗ. ಕಂಪ್ಯೂಟರ್ ಹಚ್ಚಿದ್ರ ಹತ್ತಲಿಲ್ಲ. ಎರಡು ಬ್ಯಾಸಿಗಿ ಮೂಲ್ಯಾಗ ಬಟ್ಟಿ ಮುಚ್ಚಿ ಇಟ್ಟಿದ್ದು. ನಮ್ಮ ಕಡೆ ಬಿಸಿಲು, ಧೂಳು ನಿಮಗ ಹೇಳೋದೇನು ಬ್ಯಾಡ. ಅಂಗಡಿಗೆ ಒಯ್ದ್ರ ಹಾರ್ಡ್ ಡಿಸ್ಕ್ ಹೋಗೈತಿ ಅಂದ್ರು. ಅಕ್ಕನ ಮಗಳು ಧೈರ್ಯ ಹೇಳಿದ್ಲು: "ಕಂಪ್ಯೂಟರ್ ಹೋದ್ರ ಹೋಗ್ಲಿ ಅವ್ವ, ಮೇಲ್ ಎಲ್ಲಿಗೆ ಹೋಗ್ತೈತಿ? ಪಾಸ್‌ವರ್ಡ್ ನನಗ ಗೊತ್ತೈತಿ." ಫೋನ್‌ನಾಗ ತೆಗದ್ಲು. ಪಾಸ್‌ವರ್ಡ್ ಸರಿ ಇತ್ತು. ಒಳಗ ನೋಡಿದ್ರ ಭಾವ ತೀರಿಕೊಂಡ ಮ್ಯಾಲ ಬಂದ ಜಾಹೀರಾತು ಬಿಟ್ರ ಒಂದೂ ಮೇಲ್ ಇಲ್ಲ. ಹತ್ತು ವರ್ಷದ ಸಂಸಾರ ಮಾಯ.

ಯಾರೋ ಪಾಸ್‌ವರ್ಡ್ ಕದ್ದಾರ ಅಂತ ಅಕ್ಕ ಗಾಬರಿ ಆದ್ಲು. ಯಾರೂ ಕದ್ದಿದ್ದಿಲ್ಲ. ಎಂದೋ ಮೇಲ್ ಹಚ್ಚಿಕೊಟ್ಟ ಹುಡುಗ ಪಾಪ್ ಅಂತ ಹಚ್ಚಿದ್ದ, ಅಷ್ಟೇ.

ಪಾಪ್ ಅಂದ್ರ ಪಾಪ ಅಲ್ರಿ, ಪೋಸ್ಟ್ ಆಫೀಸ್ ಪ್ರೋಟೋಕಾಲ್. ಕಂಪ್ಯೂಟರು ಮೇಲ್ ಕಂಪನಿ ಕೂಡ ಯಾವ ರೀತ್ಲೆ ಮಾತಾಡಬೇಕು ಅನ್ನೋ ಒಂದು ಕಟ್ಟುಪಾಡು. ಇದರಾಗ ಆಗೋದೇನಂದ್ರ, ಅಂಚೆ ಮನುಷ್ಯ ಪತ್ರ ತಂದು ಕೈಗೆ ಕೊಟ್ಟಂಗ. ಕೊಟ್ಟ ಮ್ಯಾಲ ಪೋಸ್ಟ್ ಆಫೀಸಿನಾಗ ಅದರ ನಕಲು ಇರ್ತೈತೇನು? ಇರಂಗಿಲ್ಲ. ಪತ್ರ ನಿಮ್ಮ ಮನಿಗೆ ಬಂತು, ಇನ್ನು ಅದನ್ನ ಇಲಿ ತಿಂದ್ರೂ ಮಳಿಗೆ ನೆನದ್ರೂ ನಿಮ್ಮ ಹಣೆಬರಹ. 1984ರಾಗ ಹುಟ್ಟಿದ ಪದ್ಧತಿ ಇದು, ಈಗ ನಡಿಯೋ ಮೂರನೇ ಪಾಪ್‌ನ ಕಟ್ಟುಪಾಡು 1996ರಾಗ ಬರ್ದಿಟ್ಟಿದ್ದು. ಆಗಿನ ಕಾಲಕ್ಕ ಅದು ಸರಿನೇ ಇತ್ತು. ನಮ್ಮ ದೇಶದಾಗ ಮಂದಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕ, ಅದೂ ಟೆಲಿಫೋನ್ ತಂತಿ ಮ್ಯಾಲ, ವಿಎಸ್‌ಎನ್‌ಎಲ್‌ನೋರು ಕೊಟ್ಟಿದ್ದು. ಕರೆ ಹಚ್ಚಿದ ಹೊತ್ತಿಗೆಲ್ಲಾ ರೊಕ್ಕ. ಅದಕ್ಕ ಜಲ್ದಿ ಫೋನ್ ಹಚ್ಚು, ಮೇಲ್ ಎಲ್ಲಾ ಮನಿಗೆ ಎಳ್ಕೋ, ಫೋನ್ ಕಟ್ ಮಾಡು, ಆಮ್ಯಾಲ ಕೂತು ಓದು. ಅಲ್ಲಿ ಸರ್ವರ್‌ನಾಗೂ ಪುಕ್ಕಟೆ ಮೇಲ್ ಕೊಡೋರು ಕೆಲವೇ ಎಂಬಿ ಜಾಗ ಕೊಡ್ತಿದ್ರು, ತುಂಬಿದ್ರ ಹೊಸ ಪತ್ರ ಒಳಗ ಬರಾಕ ಜಾಗ ಇರ್ತಿದ್ದಿಲ್ಲ. 2004ರ ಏಪ್ರಿಲ್ 1ಕ್ಕ ಜಿಮೇಲ್ ಬಂದು ಒಂದು ಜಿಬಿ ಜಾಗ ಕೊಡ್ತೀವಿ ಅಂದಾಗ ಮಂದಿ ಏಪ್ರಿಲ್ ಫೂಲ್ ಅಂದ್ಕೊಂಡಿದ್ರು.

ಕಾಲ ಬದಲಾತು, ಹಚ್ಚಿಕೊಡೋರ ಕೈ ಬದಲಾಗಲಿಲ್ಲ. ಪಾಪ್ ಹಚ್ಚುವಾಗ "ಲೀವ್ ಮೆಸೇಜಸ್ ಆನ್ ಸರ್ವರ್" ಅಂತ ಒಂದು ಸಣ್ಣ ಚೌಕ ಇರ್ತೈತಿ. ಅಂದ್ರ ಮನಿಗೊಂದು ನಕಲು ತಗೊಂಡು ಅಲ್ಲೊಂದು ಬಿಡು ಅಂತ. ಅದಕ್ಕ ಟಿಕ್ ಹಾಕಿದ್ರ ಅಕ್ಕ ಇವತ್ತು ಅಳ್ತಿದ್ದಿಲ್ಲ. ಅದರ ಬಾಜೂಕ ಇನ್ನೊಂದು ಮೋಸದ ಚೌಕ ಇರ್ತೈತಿ, ಇಂತಿಷ್ಟು ದಿನ ಮಾತ್ರ ಬಿಡು ಅನ್ನೋದು. ಬಾಳ ಕಡೆ ಅದರಾಗ 14 ಅಂತ ತುಂಬೇ ಇರ್ತೈತಿ. ಹದಿನಾಕು ದಿನ ಎಲ್ಲಾ ಚೊಲೊ ಕಾಣ್ತೈತಿ, ಫೋನ್‌ನಾಗೂ ಐತಿ, ಕಂಪ್ಯೂಟರ್‌ನಾಗೂ ಐತಿ. ಹದಿನೈದಕ್ಕ ಅಲ್ಲಿಂದು ಅಳಿಸಿ ಹೋಗ್ತೈತಿ, ಯಾರಿಗೂ ಗೊತ್ತಾಗಂಗಿಲ್ಲ. ಜಿಮೇಲ್‌ನಾಗ ಪಾಪ್ ಚಾಲೂ ಮಾಡೋ ಜಾಗದಾಗೂ ಅದು ಬಾಯಿಬಿಟ್ಟು ಕೇಳ್ತೈತಿ: ನನ್ನ ಕಡೆ ಇರೋ ಕಾಪಿ ಇಟ್ಕೊಳ್ಲೋ, ಆರ್ಕೈವ್‌ಗೆ ಹಾಕ್ಲೋ, ಅಳಿಸ್ಲೋ ಅಂತ. ಮಶೀನು ಕೇಳ್ತೈತಿ, ಹಚ್ಚಾಕ ಬಂದ ಮನುಷ್ಯ ನಮ್ಮನ್ನ ಕೇಳಂಗಿಲ್ಲ. ಗ್ಯಾಸ್ ಒಲಿ ಜೋಡಿಸೋನು ರೆಗ್ಯುಲೇಟರ್ ತಿರುವೋದು ತೋರಿಸದೇ ಹೋದ್ರ ಬಿಡ್ತೀವೇನು? ಈ ಒಂದು ಪ್ರಶ್ನಿ ಕೇಳದೇ ಮೇಲ್ ಹಚ್ಚಿದೋನಿಗೆ ಒಂದು ರೂಪಾಯಿ ಕೊಡಬ್ಯಾಡ್ರಿ ಅಂತ ನಾ ಖುಲ್ಲಾ ಹೇಳ್ತೀನಿ.

ಪಾಪ್‌ಗೆ ಇನ್ನೊಂದು ಕುರುಡು ಐತಿ. ಅದಕ್ಕ ಬಾಗಲಾಗಿನ ಡಬ್ಬಿ ಒಂದೇ ಕಾಣೋದು, ಇನ್‌ಬಾಕ್ಸ್. ನೀವು ಫೋನ್‌ನಾಗ ಮಾಡಿದ ಫೋಲ್ಡರ್ ಆಗಲಿ, ಫೋನ್‌ನಿಂದ ಕಳಿಸಿದ ಪತ್ರ ಆಗಲಿ ಅದಕ್ಕ ಗೊತ್ತೇ ಆಗಂಗಿಲ್ಲ. ಒಂದೇ ಅಕೌಂಟ್ ಅಂಗಡಿ ಕಂಪ್ಯೂಟರ್‌ನಾಗೂ ಮನಿ ಕಂಪ್ಯೂಟರ್‌ನಾಗೂ ಪಾಪ್ ಹಚ್ಚಿ, ಎರಡಕ್ಕೂ ಅಳಿಸು ಅಂತ ಹೇಳಿಟ್ರ, ಯಾವುದು ಮೊದಲು ಎಳ್ಕೊಂತೈತೋ ಅದಕ್ಕೇ ಪತ್ರ. ಅರ್ಧ ಅಲ್ಲಿ, ಅರ್ಧ ಇಲ್ಲಿ. ಅಣ್ತಮ್ಮಂದಿರು ಹೊಲ ಹಂಚ್ಕೊಂಡಂಗ.

ಎನ್‌ಒಸಿ ಏನೋ ಅಕ್ಕ ಅಲೆದಾಡಿ ಅಲೆದಾಡಿ ನಾಕು ತಿಂಗಳಿಗೆ ಇನ್ನೊಂದು ತಂದ್ಲು. ಕಾಗದ ಕೊಡೋರು ಇನ್ನೊಂದು ಕಾಗದ ಕೊಟ್ಟಾರು. ಆದ್ರ ಮಗಳು ಧಾರವಾಡದ ಹಾಸ್ಟೆಲ್‌ನಾಗ ಇದ್ದಾಗ ಭಾವ ಅಕಿಗೆ ವಾರಕ್ಕೊಂದು ಮೇಲ್ ಬರೀತಿದ್ರು, ಇಂಗ್ಲಿಷ್ ಅಕ್ಷರದಾಗ ಕನ್ನಡ. ಕಾಲುವಿಗೆ ನೀರು ಬಿಟ್ರು, ಎಮ್ಮಿ ಈದೈತಿ, ನಿಮ್ಮವ್ವ ಮೊಣಕಾಲು ನೋವಂತಾಳ ಆದ್ರ ದವಾಖಾನಿಗೆ ಬರಂಗಿಲ್ಲಂತಾಳ, ಇಂಥವು. ಭಾವ ಅವನ್ನೂ, ಮಗಳ ಉತ್ರಗಳ್ನೂ ಒಂದು ಫೋಲ್ಡರ್‌ನಾಗ ಇಟ್ಟಿದ್ರಂತ. ಅದಕ್ಕ ಡೂಪ್ಲಿಕೇಟ್ ಯಾವ ಆಫೀಸಿನಾಗ ಕೇಳೋದು?

ಇದೆಲ್ಲಾ ನೋಡಿದ ಮ್ಯಾಲ ನಾನು ಬಾಳ ಶಾಣ್ಯಾಕಿ ಆದೆ. ನಮ್ಮ ಮನ್ಯಾಗ ಜೀನ್ಸ್ ಹೊಲಿಯೋ ಸಣ್ಣ ಯುನಿಟ್ ಐತಿ, ಆರ್ಡರು, ಬಿಲ್ಲು ಎಲ್ಲಾ ಮೇಲ್ ಮ್ಯಾಲೇ ನಡಿಯೋದು. ಎಲ್ಲಾ ಕಡೆ ಪಾಪ್ ತೆಗಿಸಿ ಐಮ್ಯಾಪ್ ಹಚ್ಚಿಸ್ದೆ. ಐಮ್ಯಾಪ್ ಅನ್ನೋದು 1986ರಾಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಾಗ ಮಾರ್ಕ್ ಕ್ರಿಸ್ಪಿನ್ ಅನ್ನೋರು ಮಾಡಿದ ಪದ್ಧತಿ. ಇದರಾಗ ಪತ್ರ ಮನಿಗೆ ಬರಂಗಿಲ್ಲ, ಅಲ್ಲೇ ಸರ್ವರ್‌ನಾಗ ಇರ್ತೈತಿ. ನಾವು ಕಿಟಕ್ಯಾಗ ನಿಂತು ನೋಡಿದಂಗ. ಫೋನ್ ಒಂದು ಕಿಟಕಿ, ಅಂಗಡಿ ಕಂಪ್ಯೂಟರ್ ಒಂದು ಕಿಟಕಿ, ಮನಿಂದು ಇನ್ನೊಂದು. ಯಾವ ಕಿಟಕ್ಯಾಗ ನೋಡಿದ್ರೂ ಒಳಗಿನ ಕೋಣಿ ಅದೇ, ಫೋಲ್ಡರ್ ಅವೇ, ಕಳಿಸಿದ ಪತ್ರಾನೂ ಅಲ್ಲೇ. ಕಂಪ್ಯೂಟರ್ ಸುಟ್ಟು ಹೋದ್ರೂ ಪತ್ರಕ್ಕ ಏನೂ ಆಗಂಗಿಲ್ಲ. ಗೆದ್ದೆ ಅಂದ್ಕೊಂಡೆ. ಮಂದಿಗೆಲ್ಲಾ ಐಮ್ಯಾಪ್ ಹಚ್ಚಿಸ್ರಿ, ಬ್ಯಾಕಪ್ ಆತು, ಅಂತ ಬುದ್ಧಿ ಬ್ಯಾರೆ ಹೇಳ್ದೆ. ಆ ಮಾತು ಇವತ್ತು ವಾಪಸ್ ತಗೊಂತೀನಿ.

ಯಾಕಂದ್ರ ಎಲ್ಲಾ ಕಿಟಕಿಗೂ ಕೋಣಿ ಒಂದೇ ಅಂದ್ರ, ಯಾವ ಕಿಟಕ್ಯಾಗಿಂದ ಕೈ ಹಾಕಿ ಕಸ ಅಂತ ಎತ್ತಿ ಒಗದ್ರೂ ಹೋಗೋದು ಅದೇ ಕೋಣ್ಯಾಗಿಂದು.

ಜಿಮೇಲ್ ಪುಕ್ಕಟೆ ಕೊಡೋ 15 ಜಿಬಿ ಬರೀ ಮೇಲ್‌ಗಲ್ಲ, ಡ್ರೈವ್‌ಗೂ ಫೋಟೋಕ್ಕೂ ಸೇರಿ. 2021ರ ಜೂನ್ 1ರಿಂದ ಫೋಟೋನೂ ಅದೇ ಲೆಕ್ಕದಾಗ ಬರ್ತಾವ. ತಮ್ಮನ ಮಗನ ಮದುವಿ ಫೋಟೋ, ವಿಡಿಯೋ ಎಲ್ಲಾ ಏರಿದ ಮ್ಯಾಲ ಫೋನ್ ದಿನಾ ಒದರಾಕ ಹತ್ತಿತು, ಜಾಗ ತುಂಬೈತಿ, ಜಾಗ ತುಂಬೈತಿ ಅಂತ. ನನ್ನ ಮಗ ಒಳ್ಳೇ ಮನಸ್ಸಿಂದಾನೇ ಕುಂತ. ದೊಡ್ಡ ದೊಡ್ಡ ಅಟ್ಯಾಚ್‌ಮೆಂಟ್ ಇದ್ದ ಹಳೇ ಮೇಲ್ ಹುಡುಕಿ, ಎಲ್ಲಾ ಆರಿಸಿ, ಡಿಲೀಟ್ ಒತ್ತಿದ. "ಅವ್ವ, ಫೋನ್ ಸ್ವಚ್ಛ ಆತು" ಅಂದ. ನಾ ಖುಷಿಲೆ ಚಾ ಮಾಡಿ ಕೊಟ್ಟೆ. ದೊಡ್ಡ ಅಟ್ಯಾಚ್‌ಮೆಂಟ್ ಅಂದ್ರ ಏನಿರ್ತಾವ್ರಿ? ಬಿಲ್ಲು, ಅಗ್ರಿಮೆಂಟು, ಸ್ಕ್ಯಾನ್ ಮಾಡಿದ ಪಹಣಿ, ಅಂಕಪಟ್ಟಿ. ಮನುಷ್ಯರಿಗೆ ಬೇಕಾದ್ದೆಲ್ಲಾ ದಪ್ಪ ಇರ್ತೈತಿ, ಜಾಹೀರಾತು ಎಲ್ಲಾ ತೆಳ್ಳಗ.

ಮೂರು ತಿಂಗಳ ಮ್ಯಾಲ ಟ್ಯಾಕ್ಸ್ ನೋಡೋರು ಹಳೇ ಖರೀದಿ ಬಿಲ್ಲು ಕೇಳಿದ್ರು. ಜಿಎಸ್‌ಟಿ ಕಾನೂನಿನ 36ನೇ ಕಲಮಿನ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಕೊಡೋ ಕಡೇ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾದಿಡಬೇಕು. ಆರು ವರ್ಷ! ಫೋನ್‌ನಾಗ ಇಲ್ಲ. ಆದ್ರೂ ನಾ ಹೆದರಲಿಲ್ಲ, ಕಂಪ್ಯೂಟರ್‌ನಾಗ ಇಳಿಸಿ ಇಟ್ಕೊಂಡೈತಿ ಅಂತ. ಹಂಗ ಒಂದು ಟಿಕ್ ಹಾಕಿದ್ದು ನನಗ ನೆಪ್ಪಿತ್ತು, ಈ ಅಕೌಂಟಿನ ಮೇಲ್‌ನ ಈ ಕಂಪ್ಯೂಟರ್‌ನಾಗ ಇಡು ಅಂತ. ಹಚ್ಚಿ ನೋಡಿದ್ರ ಅಲ್ಲೂ ಇಲ್ಲ. ಆಗ ತಿಳೀತು ನನಗ. ಐಮ್ಯಾಪ್‌ನಾಗ ಕಂಪ್ಯೂಟರ್ ಇಳಿಸ್ಕೊಳ್ಳೋದು ನೆಟ್ ಇಲ್ದಾಗ ಓದಾಕ, ಕಾಯಾಕ ಅಲ್ಲ. ಅದು ಕನ್ನಡಿ. ಅಲ್ಲಿ ಅಳಿಸಿದ್ರ ಇಲ್ಲೂ ಅಳೀತೈತಿ. ಕನ್ನಡ್ಯಾಗಿನ ಬಂಗಾರ ಕೊರಳಿಗೆ ಹಾಕ್ಕೊಳ್ಳಾಕ ಬರ್ತೈತೇನು? ಕಸದ ಡಬ್ಬಿ ನೋಡೋಣಂದ್ರ ಜಿಮೇಲ್ ಅದನ್ನ 30 ದಿನಕ್ಕ ತಾನೇ ಖಾಲಿ ಮಾಡ್ತೈತಿ.

ಹುಡುಗನ್ನ ಬೈದೆ. ಆಮ್ಯಾಲ ಕೂತು ಯೋಚನಿ ಮಾಡಿದ್ರ ಬೈಬೇಕಾದಾಕಿ ನಾನೇ. ಬೀರೂ ಕೀಲಿ ಹುಡುಗನ ಕೈಗೆ ಕೊಟ್ಟು "ಬ್ಯಾಡಾದ್ದು ಒಗಿ" ಅಂದಿದ್ದು ಯಾರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ಹರಿದು ಗೇಟು ಕೊಚ್ಕೊಂಡು ಹೋದಾಗ ಸಿರುಗುಪ್ಪದಾಗ ನಮ್ಮಕ್ಕ ನಿದ್ದಿ ಮಾಡಲಿಲ್ಲ. ತುಂಬಿದ ಡ್ಯಾಂ ನೋಡಿ ಭತ್ತ ಹಚ್ಚೋ ತಯಾರಿ ಮಾಡ್ಕೊಂಡೋರು ನೀರು ಹೊಳಿಗೆ ಹೋಗೋದು ನೋಡ್ಕೋತ ಕುಂತ್ರು. ಒಂದು ವಾರಕ್ಕ ಸ್ಟಾಪ್ ಲಾಗ್ ಇಳಿಸಿ ನಿಲ್ಲಿಸಿದ್ರು, ಅದು ಪುಣ್ಯ. ಒಂದೇ ಕಡೆ ತುಂಬಿಟ್ಟಿದ್ದು ಒಂದು ಚೈನಿನ ಮ್ಯಾಲ ನಿಂತಿರ್ತೈತಿ ಅಂತ ನಮ್ಮ ಜಿಲ್ಲೆದೋರಿಗೆ ಬ್ಯಾರೇದೋರು ಹೇಳಿಕೊಡಬೇಕೇನು?

ಕುರುಗೋಡಿನ ಚಿಗವ್ವನ ಮುಂದ ಇದನ್ನ ಹೇಳಿದ್ರ ನಕ್ಕಳು. "ಈಗ ಯಾರು ಮೇಲ್ ನೋಡ್ತಾರ ತಂಗಿ, ಎಲ್ಲಾ ವಾಟ್ಸಾಪ್‌ನಾಗ ಬರ್ತೈತಿ" ಅಂದ್ಲು. ಚಿಗವ್ವ, ಹೋದ ವರ್ಷ ಬಂದ ಫೋಟೋ ಒಂದು ಒತ್ತಿ ನೋಡು, ತೆರೀತೈತೇನಂತ. ಬಾಳ ಸಲ ಮಸುಕು ಮಸುಕಾಗಿ ನಿಂತು, ಕಳಿಸಿದೋರಿಗೇ ಕೇಳು ಅಂತೈತಿ. ಇನ್ನು, ನಿನ್ನ ಬ್ಯಾಂಕಿನ ಪಾಸ್‌ವರ್ಡ್ ಮರ್ತ್ರ ಹೊಸದು ಬರೋದು ಎಲ್ಲಿಗೆ? ಮೊಮ್ಮಗನ ಹಾಲ್ ಟಿಕೆಟ್ ಎಲ್ಲಿಗೆ ಬಂತು? ಮೇಲ್ ಓದೋದು ಬಿಟ್ಟೀವಿ ಹೊರ್ತು, ಮೇಲ್ ನಮ್ಮನ್ನ ಬಿಟ್ಟಿಲ್ಲ.

ಇನ್ನೊಂದು ಮಾತು ನಮ್ಮ ಮನಿಯೋರೇ ಅಂದ್ರು: ಅಷ್ಟು ದೊಡ್ಡ ಕಂಪನಿ, ಅವ್ರೇ ಕಾಯ್ತಾರ ಬಿಡು. ಕಾಯ್ತಾರ, ಯಾರು ಇಲ್ಲಂದ್ರು? ಆದ್ರ ಅವರ ಕರಾರು ಏನಂತ ಓದಿದ್ರಾ? ಎರಡು ವರ್ಷ ಯಾರೂ ಮುಟ್ಟದ ಅಕೌಂಟನ್ನ ಒಳಗಿದ್ದ ಪತ್ರ ಸಮೇತ ಅಳಿಸ್ತೀವಿ ಅಂತ ಗೂಗಲ್‌ನೋರು ಹೇಳಿ, 2023ರ ಡಿಸೆಂಬರ್‌ನಿಂದ ಅದನ್ನ ಜಾರಿಗೆ ತಂದಾರ. ಮನ್ಯಾಗ ಯಾರರ ತೀರಿಕೊಂಡ್ರ ಎರಡು ವರ್ಷ ಅನ್ನೋದು ಎಷ್ಟು ಬ್ಯಾಗ ಹೋಗ್ತೈತಿ ಅಂತ ಅಕ್ಕನ್ನ ಕೇಳ್ರಿ. ಹೋದೋರ ಪಾಸ್‌ವರ್ಡ್ ಕೇಳಿದ್ರ ಅವ್ರು ಕೊಡಂಗಿಲ್ಲ, ಕೊಡಲೂಬಾರ್ದು. ಅದಕ್ಕ ಬದುಕಿದ್ದಾಗಲೇ ಮಾಡಿಡೋ ಏರ್ಪಾಟು ಒಂದೈತಿ, ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ, 2013ರಿಂದ ಐತಿ. 3, 6, 12 ಇಲ್ಲಾ 18 ತಿಂಗಳು ನಾನು ಅಕೌಂಟ್ ಮುಟ್ಟದಿದ್ರ ಇಂಥೋರಿಗೆ ತಿಳಿಸು, ಇಂಥಿಂಥದ್ದು ಕೊಡು ಅಂತ ಹತ್ತು ಮಂದಿ ತನಕ ಹೆಸರು ಬರ್ದಿಡಬಹುದು. ನಾಮಿನಿ ಅಂದ್ಕೊಳ್ರಿ. ಬ್ಯಾಂಕಿನಾಗ ನಾಮಿನಿ ಹಾಕ್ರಿ ಅಂತ ಗಂಡಸರ ಬೆನ್ನು ಹತ್ತಿ ಹಾಕಿಸ್ತೀವಿ, ಇದಕ್ಕ ಯಾಕಿಲ್ಲ? ಅಪಶಕುನ ಅಂತ ಅನ್ನೋರು ಇದ್ದಾರ. ಎಲ್‌ಐಸಿ ಮಾಡ್ಸುವಾಗ ಶಕುನ ನೋಡಿದ್ರೇನು?

ಹಂಗಂತ ಪಾಪ್ ಕೆಟ್ಟದ್ದು, ಐಮ್ಯಾಪ್ ಒಳ್ಳೇದು ಅಂತಾಗಲಿ, ಅದರ ಉಲ್ಟಾ ಆಗಲಿ ನಾ ಹೇಳಂಗಿಲ್ಲ. ಪಾಪ್‌ನಾಗ ಮನ್ಯಾಗ ಮಾತ್ರ ಇರ್ತೈತಿ, ಐಮ್ಯಾಪ್‌ನಾಗ ಅಲ್ಲಿ ಮಾತ್ರ ಇರ್ತೈತಿ. ನಮ್ಮ ಅಜ್ಜಿ ಉಣ್ಣೋ ಜ್ವಾಳ ಹಗೇವಿನಾಗ ಹಾಕ್ಸಿದ್ರೂ ಬಿತ್ತೋ ಬೀಜ ಮಾತ್ರ ಬೂದಿ ಕಲಸಿ ಬ್ಯಾರೆ ಗಡಿಗ್ಯಾಗ ಇಡ್ತಿದ್ಲು. ಹಗೇವು ಬ್ಯಾಡ ಅಂತ ಅಕಿ ಎಂದೂ ಅನ್ಲಿಲ್ಲ.

ಆ ಗಡಿಗಿ ಕಂಪ್ಯೂಟರ್‌ನಾಗ ಐತ್ರಿ. ಥಂಡರ್‌ಬರ್ಡ್ ಅಂತ ಪುಕ್ಕಟೆ ಸಾಫ್ಟ್‌ವೇರ್, ಅದರಾಗ ಎಡಕ್ಕ ನಿಮ್ಮ ಅಕೌಂಟಿನ ಹೆಸರುಗಳ ಕೆಳಗ "ಲೋಕಲ್ ಫೋಲ್ಡರ್ಸ್" ಅಂತ ಕಾಣ್ತೈತಿ. ಅದು ಯಾವ ಕಂಪನಿಗೂ ಸೇರಿದ್ದಲ್ಲ, ಯಾವ ಫೋನ್‌ನಾಗ ಏನು ಅಳಿಸಿದ್ರೂ ಅದಕ್ಕ ತಾಗಂಗಿಲ್ಲ. ನಿಮ್ಮ ಮನಿ ಬೀರು ಅದು. ದಿನದ ಮೇಲ್ ಐಮ್ಯಾಪ್‌ನಾಗ ನೋಡ್ರಿ, ಕಾಯೋದನ್ನ ಇಲ್ಲಿ ತಂದು ಇಡ್ರಿ. ನಾನು ಕನ್ನಡದಾಗೇ ಹೆಸರಿಟ್ಟೀನಿ: ಬಿಲ್ಲು 2024, ಬಿಲ್ಲು 2025, ಹೊಲ, ಮನಿ, ಮಕ್ಕಳು, ದವಾಖಾನಿ.

ಇಲ್ಲೊಂದು ಕಡೆ ಎಚ್ಚರ ಇರ್ಲಿ, ನಾನು ಮೊದಲಿಗೆ ಇಲ್ಲೇ ಎಡವಿದ್ದು. ಪತ್ರನ ಮೌಸ್‌ಲೆ ಎಳದು ಆ ಫೋಲ್ಡರ್‌ಗೆ ಬಿಟ್ರ ಅದು ನಕಲು ಅಲ್ಲ, ಸಾಗಿಸೋದು. ಅಲ್ಲಿಂದ ಹೋಗಿ ಇಲ್ಲಿ ಕೂತ್ಕೊಂತೈತಿ, ಫೋನ್‌ನಾಗ ಕಾಣಂಗಿಲ್ಲ. ಅಂದ್ರ ಮತ್ತ ಪಾಪ್ ಮಾಡಿದಂಗೇ ಆತು. ಎಳೀಬ್ಯಾಡ್ರಿ. ಪತ್ರದ ಮ್ಯಾಲ ಬಲಗಡೆ ಗುಂಡಿ ಒತ್ತಿ "ಕಾಪಿ ಟು" ಅನ್ನೋದನ್ನ ಆರಿಸ್ರಿ, "ಮೂವ್ ಟು" ಅಲ್ಲ. ಅಲ್ಲಿ ಜಾಗ ತುಂಬಿ ಸಾಗಿಸಲೇಬೇಕು ಅಂದ್ರ ಸಾಗಿಸ್ರಿ, ಬ್ಯಾಡನ್ನಂಗಿಲ್ಲ. ಆದ್ರ ಆಗ ಇಲ್ಲಿರೋದೇ ಅಸಲು, ಇದಕ್ಕೊಂದು ನಕಲು ಮೊದಲು ಮಾಡಿ ಆಮ್ಯಾಲ ಸಾಗಿಸ್ರಿ. ಮೇಲ್ ಬಂದ ಕೂಡ್ಲೇ ತಾನಾಗಿ ಫೋಲ್ಡರ್‌ಗೆ ಹಾಕೋ ಫಿಲ್ಟರ್ ಅಂತ ಒಂದೈತಿ, ಹುಡುಗರಿಗೆ ಅದು ಬಾಳ ಸೇರ್ತೈತಿ. ಅದರಾಗೂ ಸಾಗಿಸು ಅಂತ ಐತೋ ನಕಲು ಮಾಡು ಅಂತ ಐತೋ ನೀವೇ ಕಣ್ಣಿಟ್ಟು ನೋಡ್ರಿ.

ಆ ನಕಲು ಯಾಕಂದ್ರ, ಬೀರು ಮನ್ಯಾಗ ಐತಿ ಅಂದ್ರೂ ಅದು ಇರೋದು ಒಂದೇ ಹಾರ್ಡ್ ಡಿಸ್ಕ್ ಮ್ಯಾಲ. ಭಾವನ ಕಂಪ್ಯೂಟರ್ ಕತಿ ಮರೀಬ್ಯಾಡ್ರಿ. ಥಂಡರ್‌ಬರ್ಡ್ ತನ್ನ ಸಾಮಾನೆಲ್ಲಾ ಪ್ರೊಫೈಲ್ ಅನ್ನೋ ಒಂದು ಫೋಲ್ಡರ್‌ನಾಗ ಇಡ್ತೈತಿ. ಹೆಲ್ಪ್ ಒಳಗ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ತೆಗದ್ರ ಆ ಪ್ರೊಫೈಲ್ ಎಲ್ಲೈತಿ ಅಂತ ತೋರಿಸಿ, ತೆರಿಯೋ ಗುಂಡಿನೂ ಕೊಡ್ತೈತಿ. ಅದರೊಳಗ "ಮೇಲ್", ಅದರೊಳಗ "ಲೋಕಲ್ ಫೋಲ್ಡರ್ಸ್". ಬಾಜೂಕ "ಐಮ್ಯಾಪ್‌ಮೇಲ್" ಅಂತ ಇನ್ನೊಂದು ಇರ್ತೈತಿ, ಅದು ನಾ ಹೇಳಿದ ಕನ್ನಡಿ, ಅದಕ್ಕ ಮರುಳಾಗಬ್ಯಾಡ್ರಿ. ಮೊದಲು ಥಂಡರ್‌ಬರ್ಡ್ ಮುಚ್ಚಿ, ಆಮ್ಯಾಲ "ಲೋಕಲ್ ಫೋಲ್ಡರ್ಸ್" ಇಡಿಯಾಗಿ ಪೆನ್ ಡ್ರೈವ್‌ಗೆ ನಕಲು ಮಾಡ್ರಿ. ಒಳಗ ಪ್ರತಿ ಫೋಲ್ಡರ್‌ಗೂ ಒಂದು ಉದ್ದನ ಕಡತ ಇರ್ತೈತಿ, ಎಂಬಾಕ್ಸ್ ಅಂತಾರ ಅದಕ್ಕ. ಪತ್ರಗಳು ಒಂದರ ಹಿಂದ ಒಂದು ಹೊಲದಂಗ ಇರ್ತಾವ. ಹಳೇ ಕಾಲದ ಪದ್ಧತಿ, ಅದಕ್ಕೇ ಬ್ಯಾರೆ ಸಾಫ್ಟ್‌ವೇರ್‌ಗೂ ಓದಾಕ ಬರ್ತೈತಿ. ಆದ್ರ ಹೊಲಿಗಿ ಒಂದು ಕಡೆ ಬಿಚ್ಚಿದ್ರ ಉದ್ದಕ್ಕೂ ಬಿಚ್ಚೋ ಭಯ ಐತಿ, ಅದಕ್ಕ ಎಲ್ಲಾ ಒಂದೇ ಫೋಲ್ಡರ್‌ನಾಗ ತುರುಕಬಾರ್ದು, ವರ್ಷಕ್ಕೊಂದು ಮಾಡ್ಬೇಕು. ನಾನು ಯುಗಾದಿಗೊಂದ್ಸಲ, ದೀಪಾವಳಿಗೊಂದ್ಸಲ ನಕಲು ಮಾಡ್ತೀನಿ. ಮನಿ ಧೂಳು ಹೊಡಿಯೋ ಹೊತ್ತಿಗೆ ನೆಪ್ಪಾಗ್ತೈತಿ ಅಂತ. ಪೆನ್ ಡ್ರೈವ್ ಚುಚ್ಚಿ ಒಂದು ಬಿಲ್ಲು ತೆಗದು ಓದಿ ನೋಡ್ತೀನಿ. ಓದಾಕ ಬರದ ನಕಲು ಇದ್ದೂ ಸತ್ತಂಗ.

ಕಂಪ್ಯೂಟರೇ ಇಲ್ಲದೋರು ನಮ್ಮ ಓಣ್ಯಾಗ ಹೆಚ್ಚು, ಗೊತ್ತೈತಿ. ಫೋನ್‌ನಾಗಿನ ಮೇಲ್ ಆ್ಯಪ್‌ನಾಗ ಇಂಥ ಬೀರು ಸಿಗೋದು ಕಷ್ಟ. ಅಂಥೋರು ಗೂಗಲ್ ಟೇಕ್‌ಔಟ್ ಅನ್ನೋದರಾಗ ಹೋಗಿ ನನ್ನ ಮೇಲ್ ಎಲ್ಲಾ ಕಟ್ಟಿ ಕೊಡು ಅಂತ ಕೇಳಬಹುದು. ಅದು ಇದೇ ಎಂಬಾಕ್ಸ್ ಕಡತ ಮಾಡಿ ಇಳಿಸ್ಕೊಳ್ಳಾಕ ಕೊಡ್ತೈತಿ. ಅದನ್ನ ಒಂದು ಪೆನ್ ಡ್ರೈವ್‌ಗೆ ಹಾಕಿ ನಮ್ಮ ಮನಿಗೆ ತರ್ರಿ, ತೆರದು ತೋರಿಸ್ತೀನಿ. ಅಂಗಡಿಗೆ ಕೊಡಬ್ಯಾಡ್ರಿ, ಅದರಾಗ ನಿಮ್ಮ ಇಡೀ ಮನಿ ಇರ್ತೈತಿ.

ಬರೋ ಐತ್ವಾರ ಸಿರುಗುಪ್ಪಕ್ಕ ಹೊಂಟೀನಿ, ಎರಡು ಪೆನ್ ಡ್ರೈವ್ ತಗೊಂಡು. ಅಕ್ಕನ ಮಗಳು ನಿನ್ನಿ ರಾತ್ರಿ ಫೋನ್ ಮಾಡಿದ್ಲು. ಅಪ್ಪನ ಪತ್ರ ಅಕಿ ಆಗಲೇ ಓದಿ ಅಳಿಸ್ತಿದ್ಲಂತ, ಹಾಸ್ಟೆಲ್ ಹುಡುಗಿ, ಅಕಿಗೇನು ಗೊತ್ತು. ಆದ್ರ ಅಕಿ ಅಕೌಂಟ್ ಮೊದಲಿಂದಾನೂ ಐಮ್ಯಾಪ್. ಅಪ್ಪಗ ಅಕಿ ಬರ್ದ ಉತ್ರ ಎಲ್ಲಾ "ಸೆಂಟ್" ಒಳಗ ಹಂಗೇ ಅದಾವ. ಒಂದೊಂದು ಉತ್ರದ ಕೆಳಗ ಅಪ್ಪ ಬರ್ದಿದ್ದು ಅಂಟ್ಕೊಂಡೇ ಐತಿ, ಎಮ್ಮಿ ಈದಿದ್ದು, ಕಾಲುವಿಗೆ ನೀರು ಬಿಟ್ಟಿದ್ದು, ಮೊಣಕಾಲು ನೋವು. ಎಲ್ಲಾ ಸಿಕ್ಕಿಲ್ಲ, ಉತ್ರ ಕೊಟ್ಟವಷ್ಟೇ ಸಿಕ್ಕಾವ. ಐತ್ವಾರ ಅವನ್ನ ಒಂದೊಂದಾಗಿ "ಕಾಪಿ ಟು" ಮಾಡೋದು. ಗುಂಡಿ ಒತ್ತಾಕಿ ಅಕ್ಕ, ನಾನು ಬಾಜೂಕ ಕೂಡ್ತೀನಿ. ಹಾಲು ಮೊದಲೇ ಕಾಸಿ ಇಳಿಸಿಡು ಅಂತ ಹೇಳೀನಿ.